ಕ್ಯಾರಲ್ ಯಾಕೆ ಚಪ್ಪಾಳೆ ತಟ್ಟಲಿಲ್ಲ

ಇಲ್ಲ... ಬೇರೆ ಯಾರೋ ಕ್ಯಾರಲ್ ಇರಬೇಕು ಅಂದುಕೊಂಡೆ.
ಭಾನುವಾರ ತಾನೇ ಫೋನಿನಲ್ಲಿ ನಕ್ಕಿದ್ದರು...

ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು.
ನಿನ್ನೆ ಸಂಜೆ ಚರ್ಚಿನಿಂದ ಬಂದು ಸೋಫಾದಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಹಾರ್ಟ್.

ಪ್ಲಿಮತ್ ಊರಿನ ನಮ್ಮ ಆಫೀಸಿನಲ್ಲಿ ಏಳು ವರ್ಷ ನನ್ನ ಪಕ್ಕದ ಕ್ಯೂಬಿಕಲ್ ಅವರದು. ಕಾರಿನ ಸೀಟುಗಳ ಡ್ರಾಯಿಂಗ್ ಮಾಡುತ್ತಿದ್ದರು.
ರಿಸೆಷನ್ ಶುರುವಾದಾಗ ಮೊದಲ ಲೇಆಫ್‌ನಲ್ಲೇ ಅವರ ಕೆಲಸ ಹೋಯಿತು.

ನಮ್ಮ ಸಂಗೀತ ಬಳಗಕ್ಕೆ ನಾನೇ ಸುದ್ದಿ ತಿಳಿಸಿದೆ.
ಅರ್ಧ ಗಂಟೆಯಲ್ಲಿ ಬಳಗದ ಹಿರಿಯರಾದ ಮೂರ್ತಿ ಅಂಕಲ್ ಪೋಸ್ಟ್ ಹಾಕಿದ್ದಾರೆ... "ನಮ್ಮ ಬಳಗದ ಆತ್ಮೀಯ ಗೆಳತಿ ಇನ್ನಿಲ್ಲ."

ಆತ್ಮೀಯ ಗೆಳತಿ?!
ಓದಿ ಮೈಯೆಲ್ಲ ಉರಿದುಹೋಯಿತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಕೇಳಿ.

ಕ್ಯಾರಲ್ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಅವರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು.
ಅಲ್ಲಿ ಬಿಷಪ್‌ಗೂ ಸಂಬಳವಿಲ್ಲ, ಆರ್ಗನ್ ನುಡಿಸುವವರಿಗೂ ಇಲ್ಲ. ಬಿಷಪ್ ಕರೆದು "ಇನ್ನು ಮೇಲೆ ಈ ಸೇವೆ ನಿಮ್ಮದು" ಅಂದರೆ ಮುಗಿಯಿತು... ಮಾಡಬೇಕು.
ಆರ್ಗನ್‌ಗೆ ಕಾಲಿನಲ್ಲಿ ಒತ್ತುವ ಕೀಗಳೂ ಇರುತ್ತವೆ. ಅದಕ್ಕೆಂದೇ ತೆಳು ಅಟ್ಟೆಯ ಒಂದು ಜೊತೆ ಶೂ. ಆಫೀಸಿನ ಡ್ರಾಯರ್‌ನಲ್ಲಿ ಬಟ್ಟೆಯ ಚೀಲದೊಳಗೆ ಇಟ್ಟಿರುತ್ತಿದ್ದರು. ಲಂಚ್ ಟೈಮಿನಲ್ಲಿ ಚೀಲ ಹಿಡಿದು ಪ್ರಾಕ್ಟೀಸಿಗೆ ಓಡುತ್ತಿದ್ದರು.

ಒಮ್ಮೆ ನಾನೂ ಭಾನುವಾರ ಕೇಳಲು ಹೋಗಿದ್ದೆ.
ಪ್ರಾರ್ಥನೆಯ ಕೋಣೆಯಲ್ಲಿ ಶಿಲುಬೆ ಇಲ್ಲ. ಒಂದು ಚಿತ್ರವೂ ಇಲ್ಲ. ಚಿತ್ರಗಳೆಲ್ಲ ಹೊರಗೆ ಕಾರಿಡಾರಿನಲ್ಲಿ. ಒಳಗೆ ಬರೀ ಹಾಡು.
ಒಬ್ಬ ಹುಡುಗಿ ಹಾಡಿದಳು, ಕ್ಯಾರಲ್ ನುಡಿಸಿದರು. ಕಣ್ಣು ತುಂಬಿ ಬಂತು. ಮುಗಿದದ್ದೇ ತಡ, ನಾನು ಪಟಪಟ ಚಪ್ಪಾಳೆ ತಟ್ಟಿಬಿಟ್ಟೆ.
ಇಡೀ ಕೋಣೆಯಲ್ಲಿ ನನ್ನೊಬ್ಬಳದೇ ಸದ್ದು!
ನಾಚಿಕೆಯಿಂದ ಸತ್ತುಹೋದೆ.

ಆಮೇಲೆ ಕ್ಯಾರಲ್ ನನ್ನ ಕೈ ಹಿಡಿದುಕೊಂಡು ಹೇಳಿದರು... ಇಲ್ಲಿ ನಾವು ಯಾರೂ ತಟ್ಟುವುದಿಲ್ಲ. ತಟ್ಟಿದರೆ ಹಾಡು ನನ್ನದಾಗಿಬಿಡುತ್ತದೆ. ಅದು ನನ್ನದಲ್ಲ, ದೇವರಿಗೆ ಒಪ್ಪಿಸಿದ್ದು.

ಇದನ್ನು ನೆನಪಿಟ್ಟುಕೊಳ್ಳಿ.

ಹೋದ ವರ್ಷ ದಸರಾಕ್ಕೆ ಮಕ್ಕಳ ಸಂಗೀತ ಮಾಡಲು ನಮಗೆ ಜಾಗವಿರಲಿಲ್ಲ. ಸ್ಕೂಲ್ ಆಡಿಟೋರಿಯಂ ಬಾಡಿಗೆ ನಮ್ಮ ಕೈಗೆಟುಕುತ್ತಿರಲಿಲ್ಲ.
ಕೆಲಸ ಕಳೆದುಕೊಂಡಿದ್ದ ಕ್ಯಾರಲ್ ತಮ್ಮ ಬಿಷಪ್‌ರನ್ನು ಕೇಳಿ ಚರ್ಚಿನ ಹಿಂದಿನ ಹಾಲ್ ಕೊಡಿಸಿದರು. ಸ್ಟೇಜ್ ಇದ್ದ ದೊಡ್ಡ ಹಾಲ್. ಕುರ್ಚಿ ಜೋಡಿಸಿದ್ದೂ ಅವರೇ.
ಅವರ ಕಡೆಯಿಂದ ಇದ್ದದ್ದು ಒಂದೇ ಮಾತು, ಒಳಗೆ ಕಾಫಿ ಬೇಡ. ಅವರ ಧರ್ಮದಲ್ಲಿ ಕುಡಿಯುವುದಿಲ್ಲ.
ನಮ್ಮವರು ಪಾರ್ಕಿಂಗ್ ಲಾಟ್‌ನಲ್ಲಿ, ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ಫ್ಲಾಸ್ಕ್ ಹಿಡಿದು ನಿಂತು ಗೊಣಗಿದರು!
"ಪುಕ್ಕಟೆ ಯಾರ್ ಮಾಡ್ತಾರ್ರೀ ಇಷ್ಟೆಲ್ಲ? ನಮ್ ಮಕ್ಳನ್ನ ಕನ್ವರ್ಟ್ ಮಾಡಕ್ಕೇ ಇರ್ಬೇಕು."

ನನ್ನ ಮಗಳು ಅನನ್ಯಾ ಒಂದು ದೇವರನಾಮ ಹಾಡಿದಳು.
ಎಲ್ಲರೂ ಚಪ್ಪಾಳೆ ತಟ್ಟಿದರು.
ಕ್ಯಾರಲ್ ಮಾತ್ರ ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ನೋಡ್ದ್ಯೇನಮ್ಮಾ, ಮಗು ಅಷ್ಟ್ ಚೆನ್ನಾಗ್ ಹಾಡ್ತು, ಆಯಮ್ಮ ಒಂದ್ಸಲನಾದ್ರೂ ಕೈ ತಟ್ಟಿದ್ಲಾ? ಜಾಗ ಕೊಟ್ಟಿದೀವಿ ಅಂತ ಧಿಮಾಕು!"
ಮೂರ್ತಿ ಅಂಕಲ್, ಇದು ನೀವು ಆಡಿದ ಮಾತು.

ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.
"ಹೋಗ್ಲಿ ಬಿಡಿ ಅಂಕಲ್" ಅಂದೆ. ಅಷ್ಟೇ ಅಂದೆ.
ಥೂ ನನ್ನ ಜನ್ಮಕ್ಕೆ.

ಈ ವರ್ಷ "ಹೊರಗಿನವರು ಬೇಡ" ಅಂತ ತೀರ್ಮಾನವಾಯಿತು. ಹೋದ ಶನಿವಾರ ಪಕ್ಕದ ಊರು ಕ್ಯಾಂಟನ್‌ನಲ್ಲಿ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಮಾಡಿ ಮುಗಿಸಿದೆವು.

ಕ್ಯಾರಲ್... ಭಾನುವಾರ ನೀವು ಫೋನ್ ಮಾಡಿದ್ದು ಅದನ್ನು ಕೇಳುವುದಕ್ಕೇ.
ಮಕ್ಕಳ ಹಾಡು ಈ ವರ್ಷ ಯಾವಾಗ ಅಂತ.
ನಾನು ಸುಳ್ಳು ಹೇಳಿದೆ. ರಿಸೆಷನ್ ಅಲ್ಲವಾ, ಈ ವರ್ಷ ಇಲ್ಲ ಅಂದೆ.
ನೀವು ನಕ್ಕು, "ನಮ್ಮ ಹಾಲ್ ಇದೆಯಲ್ಲ, ಬಿಷಪ್‌ನ ಮತ್ತೆ ಕೇಳಲಾ?" ಅಂದಿರಿ...
ಬೇಡ ಅಂದೆ.
ಆ ಸುಳ್ಳನ್ನು ನಂಬಿಕೊಂಡೇ ಹೋಗಿಬಿಟ್ಟಿರಲ್ಲ ಕ್ಯಾರಲ್...
ಇನ್ನು ಯಾರ ಹತ್ತಿರ ಹೋಗಿ ಕ್ಷಮೆ ಕೇಳಲಿ?

ನಿಮ್ಮ ಮಗಳು ಬೆಳಿಗ್ಗೆ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದಳು. "ಹೂ ಈಸ್ ಅನನ್ಯಾ?"
ನಿಮ್ಮ ಶೂ ಚೀಲದಲ್ಲಿ ಮಡಿಸಿದ ಒಂದು ಕಾಗದವಿತ್ತಂತೆ. ಪೆನ್ಸಿಲ್‌ನಲ್ಲಿ ಬರೆದ ಸ್ವರಗಳು. ಅಳಿಸಿ, ತಿದ್ದಿ, ಮತ್ತೆ ಬರೆದದ್ದು. ಮೇಲೆ ಅನನ್ಯಾಳ ಹೆಸರು.
ಫೋನಿನಲ್ಲೇ ಪಿಯಾನೋ ನುಡಿಸಿ ಕೇಳಿಸಿದಳು.
ನನ್ನ ಮಗಳು ಹಾಡಿದ ದೇವರನಾಮ ಅದು. ಒಂದೇ ಸಲ ಕೇಳಿದ್ದಿರಿ ನೀವು.

ಕೇಳಿಸಿತಾ ಮೂರ್ತಿ ಅಂಕಲ್?
ನಾವೆಲ್ಲ ತಟ್ಟಿ, ಎದ್ದು, ಊಟದ ಲೈನಿಗೆ ಓಡಿದೆವು. ಇವರೊಬ್ಬರು ಹಾಡನ್ನು ಮನೆಗೆ ಹೊತ್ತುಕೊಂಡು ಹೋದರು.

ಶನಿವಾರ ಹನ್ನೊಂದಕ್ಕೆ ಅದೇ ಚರ್ಚಿನಲ್ಲಿ ಫ್ಯೂನರಲ್. ಶುರುವಾಗುವ ಮುಂಚೆ ಅದನ್ನೇ ಆರ್ಗನ್‌ನಲ್ಲಿ ನುಡಿಸುತ್ತಾರಂತೆ.
"ಅಮ್ಮಾ, ಐ ವಾಂಟ್ ಟು ಕಮ್. ಐ ವೋಂಟ್ ಕ್ಲಾಪ್" ಅಂದಳು ಅನನ್ಯಾ.

ನೀವೂ ಬನ್ನಿ ಅಂಕಲ್. ಆ ಪೋಸ್ಟ್ ತೆಗೆದುಹಾಕಿ, ಬನ್ನಿ.
ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಕೈ ಮಡಿಲಲ್ಲಿರಲಿ.

ಹೋಗಿ ಬನ್ನಿ ಕ್ಯಾರಲ್...
ನಿಮ್ಮ ಆತ್ಮ ನೆಮ್ಮದಿಯಾಗಿರಲಿ.
ಈ ಸಲ ನಾವು ಸುಮ್ಮನೆ ಕೂತು ಕೇಳುತ್ತೇವೆ. 🙏