ಹಳ್ಳದ ದಂಡೆಯ ಮೂರು ತಾಸು

ಸರಕು ಸಾಗಣೆಯ ಬಗ್ಗೆ ಜೀವಮಾನವಿಡೀ ಪಾಠ ಹೇಳಿದವನು ನಾನು. ಆದರೂ ಯಾರಾದರೂ ನನ್ನ ಸಲಹೆಯನ್ನು ಮರುಮಾತಿಲ್ಲದೆ ಒಪ್ಪಿಕೊಂಡರೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ವಾದಕ್ಕೆ ನಿಲ್ಲುವವರ ಮುಂದೆ ನಾನು ಹುಲಿ. ಸುಮ್ಮನೆ ತಲೆಯಾಡಿಸುವವರನ್ನು ಕಂಡರೆ ಅಂಜಿಕೆ. ಈ ಅಂಜಿಕೆ ನನಗೆ ಅಂಟಿದ್ದು ಐವತ್ತರ ದಶಕದಲ್ಲಿ, ಹೊಳೆಆಲೂರಿನ ದಾರಿಯಲ್ಲಿ.

ಆಗ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ರೋಣ, ನರಗುಂದ, ಗಜೇಂದ್ರಗಡದ ಹತ್ತಿ ಹೊಳೆಆಲೂರಿನ ರೈಲ್ವೆ ಸ್ಟೇಷನ್ನಿಗೆ ಹೇಗೆ ಬಂದು ಮುಟ್ಟುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಕೈಯಲ್ಲಿ ಗಡಿಯಾರ, ಬಗಲಲ್ಲಿ ನೋಟ್‌ಬುಕ್ಕು ಹಿಡಿದು ಚಕ್ಕಡಿಗಳ ಹಿಂದೆ ಅಲೆಯುತ್ತಿದ್ದೆ. ಎತ್ತು ನೀರು ಕುಡಿದದ್ದನ್ನೂ ಬರೆದುಕೊಳ್ಳುವ ಹುಚ್ಚ ಎಂದು ಗಜೇಂದ್ರಗಡದಲ್ಲಿ ನನಗೆ ಹೆಸರು ಬಿದ್ದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ಯಾರೂ ನೊಗ ಇಡುತ್ತಿರಲಿಲ್ಲ. ಮಂಗಳವಾರ ಎಲ್ಲ ಚಕ್ಕಡಿಗಳೂ ಒಮ್ಮೆಲೇ ಹೊರಟು ಸ್ಟೇಷನ್ನಿನ ಅಂಗಳದಲ್ಲಿ ಕಿಕ್ಕಿರಿಯುತ್ತಿದ್ದವು. ನರಗುಂದದಿಂದ ಬರುವವು ಇನ್ನೂ ವಿಚಿತ್ರ. ಯಾವಗಲ್ಲಿನ ಹತ್ತಿರ ಹಳ್ಳದ ದಂಡೆಗೆ ಬಂದು ನಿಂತೇಬಿಡುತ್ತಿದ್ದವು. ಹಳ್ಳದಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುತ್ತಿರಲಿಲ್ಲ. ಆದರೂ ಹಿಂದಿನ ಚಕ್ಕಡಿಗಳೆಲ್ಲ ಬಂದು ಕೂಡುವ ತನಕ ಒಬ್ಬನೂ ಹಳ್ಳಕ್ಕೆ ಇಳಿಯುತ್ತಿರಲಿಲ್ಲ. ರೊಟ್ಟಿ ಗಂಟು ಬಿಚ್ಚಿ, ಎಲೆಅಡಿಕೆ ಹಾಕಿಕೊಂಡು ಹರಟುತ್ತಾ ಕೂಡುತ್ತಿದ್ದರು. 'ವ್ಯರ್ಥವಾದ ಕಾಲ, ಮೂರು ತಾಸು' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ. ಪ್ರಬಂಧದ ಜೀವವೇ ಕೈಗೆ ಸಿಕ್ಕಿತೆಂದು ಹಿಗ್ಗಿದೆ.

ನರಗುಂದದಲ್ಲಿ ನನ್ನ ಸೋದರಮಾವನದು ಹತ್ತಿಯ ಅಡತಿ, ಅಂದರೆ ದಲ್ಲಾಳಿ ಅಂಗಡಿ; ಆ ಚಕ್ಕಡಿಗಳು ಹೇರಿಕೊಂಡು ಬರುತ್ತಿದ್ದದ್ದು ಅವನ ಸರಕನ್ನೇ. ಒಂದೊಂದು ಚಕ್ಕಡಿ ಒಂದೊಂದು ಹೊತ್ತಿಗೆ ಹೊರಡಬೇಕು, ಎಲ್ಲಿಯೂ ನಿಲ್ಲಬಾರದು ಎಂದು ವೇಳಾಪಟ್ಟಿ ಮಾಡಿ ಅವನಿಗೆ ಕೊಟ್ಟೆ. ಅವನು ಅದನ್ನು ಪೂರ್ತಿ ಓದಲೂ ಇಲ್ಲ. ಅಕ್ಕನ ಮಗ ಕಲಿತವನೆಂಬ ಹೆಮ್ಮೆಗೆ ಹೂಂ ಅಂದುಬಿಟ್ಟ. ಗುಮಾಸ್ತ ಚಕ್ಕಡಿ ಹೊಡೆಯುವ ಪ್ರತಿಯೊಬ್ಬರಿಗೂ ಅವರವರ ಹೊತ್ತನ್ನು ಓದಿ ಹೇಳಿ ಚೀಟಿ ಕೊಟ್ಟ. ಉಳಿದವರು ಗೊಣಗಿದರು. ಯಾವಗಲ್ಲಿನ ಮುದುಕನೊಬ್ಬ ಮಾತ್ರ ಚೀಟಿ ಹಿಡಿದುಕೊಂಡು ನನ್ನ ಬಳಿ ಬಂದ.

"ಸಾಹೇಬ್ರ, ಹಳ್ಳದಾಗ ಯಾರನ್ನ ಕಾಯಬೇಕ್ರಿ?" ಎಂದು ಕೇಳಿದ.

"ಯಾರನ್ನೂ ಕಾಯೂದು ಬ್ಯಾಡ, ಕಾಕಾ. ನಿಮ್ಮ ಹೊತ್ತಿಗೆ ನೀವು ದಾಟ್ರಿ" ಅಂದೆ.

ಅವನು ತಲೆಯಾಡಿಸಿ ಚೀಟಿಯನ್ನು ರುಮಾಲಿನ ಸೆರಗಿಗೆ ಗಂಟು ಹಾಕಿಕೊಂಡ.

ಎರಡು ದಿನ ಎಲ್ಲವೂ ಗಡಿಯಾರದ ಪ್ರಕಾರ ನಡೆಯಿತು. ಮೂರನೆಯ ದಿನ ನಾನು ಸ್ಟೇಷನ್ನಿನಲ್ಲಿ ಮುದುಕನ ಚಕ್ಕಡಿಗೆ ಕಾಯುತ್ತಿದ್ದೆ. ಮಧ್ಯಾಹ್ನಕ್ಕೆ ಮೊದಲೇ ಅದು ಬರಬೇಕಿತ್ತು. ಬರಲಿಲ್ಲ. ಪಡುವಣದ ಕಡೆ ಮುಗಿಲು ಕಪ್ಪಾಗಿತ್ತು, ಇಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಮೇಲಿನ ಊರುಗಳಿಗೆ ಅಕಾಲದ ಅಡ್ಡಮಳೆ ಜೋರಾಗಿ ಹೊಡೆದಿದೆ, ಹಳ್ಳ ತುಂಬಿ ಬರುತ್ತದೆ ಎಂದು ಹಮಾಲನೊಬ್ಬ ಬೀಡಿ ಹಚ್ಚುತ್ತಾ ಹೇಳಿದ. ಸುಳ್ಳು ಹೇಳಲಾರೆ, ಮೊದಲು ಹೆದರಿದ್ದು ನನ್ನ ಪ್ರಬಂಧದ ಸಲುವಾಗಿ. ಮುದುಕನ ನೆನಪಾದದ್ದು ಆಮೇಲೆ.

ಸೈಕಲ್ಲೊಂದನ್ನು ಇಸಿದುಕೊಂಡು ಹೊರಟೆ. ಹಳ್ಳ ಸಮೀಪಿಸಿದಂತೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ಉರುಳದಾಯಿತು. ಅದನ್ನು ಅಲ್ಲೇ ಒಗೆದು ಓಡಿದೆ.

ಚಕ್ಕಡಿ ಹಳ್ಳದ ನಟ್ಟನಡುವೆ ಅಚ್ಚಿನವರೆಗೆ ಹೂತಿತ್ತು. ಕೆಂಪು ನೀರು ಹತ್ತಿಯ ಅಂಡಿಗೆಗಳನ್ನು ಮುಟ್ಟುತ್ತಿತ್ತು. ಒಂದು ಎತ್ತು ಹೇಗೋ ದಂಡೆ ಸೇರಿತ್ತು. ಇನ್ನೊಂದು ಮೊಣಕಾಲೂರಿತ್ತು. ಮುದುಕ ಎದೆಮಟ್ಟದ ನೀರಿನಲ್ಲಿ ನಿಂತು ಅದರ ಮೋರೆಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದ. ಎತ್ತು ಬಿಟ್ಟು ಬಾ ಎಂದು ಕೂಗಿಕೊಂಡೆ. ಅವನು ನನ್ನ ಕಡೆ ನೋಡಲೂ ಇಲ್ಲ. ನನಗೆ ಈಜು ಬರುತ್ತಿರಲಿಲ್ಲ. ಗಡಿಯಾರ ಕಿಸೆಯಲ್ಲಿಟ್ಟುಕೊಂಡು ದಂಡೆಯ ಮೇಲೆ ನಿಂತು, ಒಬ್ಬ ಮನುಷ್ಯ ಮುಳುಗುವುದನ್ನು ನೋಡಲಿದ್ದೇನೆ ಎಂದುಕೊಂಡೆ.

ಆಗ ಆಚೆ ದಂಡೆಯಲ್ಲಿ ಚಕ್ಕಡಿಗಳು ಕಾಣಿಸಿದವು. ಒಂದಲ್ಲ, ಏಳು. ಮುಗಿಲ ಬಣ್ಣ ನೋಡಿದವರೇ ನನ್ನ ಹೊತ್ತುಗಳನ್ನೆಲ್ಲ ಗಾಳಿಗೆ ತೂರಿ, ಒಬ್ಬರಿಗೊಬ್ಬರು ಕಾದು ಕೂಡಿ ಬಂದಿದ್ದರು. ಎತ್ತುಗಳನ್ನು ಬಿಚ್ಚಿ, ಹಗ್ಗಕ್ಕೆ ಹಗ್ಗ ಗಂಟು ಹಾಕಿ, ನಾಲ್ಕು ಜೋಡಿ ಹೂಡಿ ಚಕ್ಕಡಿಯನ್ನು ಹಿಂದಕ್ಕೆಳೆದರು. ಇಬ್ಬರು ನೀರಿಗಿಳಿದು ಮುದುಕನನ್ನೂ ಎತ್ತನ್ನೂ ದಂಡೆಗೆ ತಂದರು. ನಾನು ಮೂರು ತಾಸು ವ್ಯರ್ಥವೆಂದು ಬರೆದದ್ದು ಮುದುಕನೂ ಸೇರಿ ಇದೇ ಎಂಟು ಮಂದಿಯನ್ನು ಒಟ್ಟಿಗೆ ದಂಡೆಗೆ ತಂದು ನಿಲ್ಲಿಸುವ ಕೆಲಸವನ್ನು.

ನೀರಿಳಿಯಲು ಸಂಜೆಯಾಯಿತು. ಹಳ್ಳ ದಾಟಿ ಹೋದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ತೊಯ್ದ ಅಂಡಿಗೆಗಳನ್ನು ಇಳಿಸಿ ಒಣಗಲು ಹರಡುತ್ತಿದ್ದರು. ಮುದುಕ ಹುಲ್ಲಿನ ಸಿವುಡಿನಿಂದ ಎತ್ತಿನ ಕಾಲು ತಿಕ್ಕುತ್ತಾ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ರುಮಾಲಿನ ಗಂಟು ಬಿಚ್ಚಿ, ತೊಯ್ದು ಮುದ್ದೆಯಾದ ಚೀಟಿಯನ್ನು ಅಂಗೈಯಲ್ಲಿಟ್ಟು ನನ್ನೆದುರು ಹಿಡಿದ.

"ಅಕ್ಷರ ಎಲ್ಲಾ ಅಳಿಸ್ಯಾವ್ರಿ. ಮುಂದಿನ ಸಲ ಎಷ್ಟ್ ಗಂಟೇಕ್ಕ ಬಿಡ್ಬೇಕು, ಇನ್ನೊಮ್ಮೆ ಬರದು ಕೊಡ್ರಿ ಸಾಹೇಬ್ರ."

ಅವನ ಮುಖದಲ್ಲಿ ಕುಹಕವಿದೆಯೇ ಎಂದು ಆಸೆಯಿಂದ ಹುಡುಕಿದೆ. ಇರಲಿಲ್ಲ.