ಕೈದಿಗೆ ಕಳಿಸಿದ ಹುಳಿ ಮೊಸರು

“ಹಂಗಾರೆ ಜ್ವರ ವಾಸಿಯಾದ್ರೆ ಅವನ್ನ ನೇಣಿಗೆ ಹಾಕ್ತಾರಾ?” ಎಂದು ಅಜ್ಜಿ ಕೇಳಿದಾಗ ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತಿತ್ತು.

ಐವತ್ತರ ದಶಕದಲ್ಲಿ ಅಪ್ಪ ಕೊಯಮತ್ತೂರಿನಲ್ಲಿ ಜೈಲಿನ ಡಾಕ್ಟರು. ಮರಣದಂಡನೆಯಾಗಿದ್ದ ಕುನ್ನತ್ತೂರಿನ ರೈತನೊಬ್ಬ ಜ್ವರ, ಕೆಮ್ಮಿನಿಂದ ಮಲಗಿದ್ದ. ಅವನೂ ಮನೆಯಲ್ಲಿ ನಮ್ಮಂತೆ ಕನ್ನಡ ಆಡುವವನೆಂದು ತಿಳಿದು ಅಜ್ಜಿ ದಿನವೂ ಅಪ್ಪನ ಕೈಯಲ್ಲಿ ಬಿಸಿ ಸಾರು ಕಳಿಸುತ್ತಿದ್ದರು. ಕಾಯಿಲೆಯವನನ್ನು ಗಲ್ಲಿಗೇರಿಸುವುದಿಲ್ಲ, ಗುಣವಾಗುವವರೆಗೆ ಕಾಯುತ್ತಾರೆ ಎಂಬುದು ಅವರಿಗೆ ಅಂದೇ ಗೊತ್ತಾದದ್ದು.

“ಸಾಯ್ಸಕ್ಕೋಸ್ಕರ ವಾಸಿ ಮಾಡೋದಾ? ಇದೆಂಥಾ ನ್ಯಾಯನೋ. ನನ್ ರಸಂ ಇನ್ ಬೇಡ,” ಎಂದವರೇ ಸಾರು ಇಳಿಸಿ, ಹುಳಿ ಮೊಸರಲ್ಲಿ ಅನ್ನ ಕಲಸಿ, ಜೊತೆಗೆ ಬಾಳೆಹಣ್ಣು ಇಟ್ಟರು. ಕೆಮ್ಮಿದ್ದವರಿಗೆ ನಮ್ಮ ಮನೆಯಲ್ಲಿ ಇವೆರಡೂ ನಿಷಿದ್ಧ. ಅಜ್ಜಿಯ ಶೀತ-ಉಷ್ಣದ ಲೆಕ್ಕಕ್ಕೆ ಸದಾ ನಗುತ್ತಿದ್ದ ಅಪ್ಪ ಅಂದು ತಾವೇ ಮುಚ್ಚಳ ಬಿಗಿದು ಡಬ್ಬಿ ಒಯ್ದರು. ಸಂಜೆ ಖಾಲಿ ಡಬ್ಬಿಯ ಜೊತೆ ಕೈದಿಯ ಮಾತೂ ಬಂತು: “ಮೊಸರು ಇನ್ನೂ ಒಸಿ ಹುಳಿಯಾಗಿದ್ರೆ ಒಳ್ಳೇದು ಅಂತ ಅಮ್ಮಂಗೆ ಹೇಳಿ ಸಾಮಿ.”

ಕ್ಷಮಾದಾನದ ಅರ್ಜಿಗೆ ಉತ್ತರ ಬಂದು ಶಿಕ್ಷೆ ಜೀವಾವಧಿಗೆ ಇಳಿಯುವ ತನಕ ಅವನ ಕೆಮ್ಮು ನಿಲ್ಲಲಿಲ್ಲ. ಸುದ್ದಿ ತಿಳಿದ ಸಂಜೆಯೇ ಅಜ್ಜಿ ಮತ್ತೆ ಮೆಣಸು ಹುರಿದರು.