ಉಸಿರು ಕಟ್ಟಿದ ಪೈಪು

ನನ್ನ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚು. ಬೇರೆ ಹೆಂಗಸಿನ ವಿಷಯಕ್ಕಲ್ಲ, ಅಷ್ಟು ಧೈರ್ಯ ಅವರಿಗಿಲ್ಲ. ನನ್ನ ಅಪ್ಪನ ವಿಷಯಕ್ಕೆ.

ಅಪ್ಪನದು ಗೋಪನಕೊಪ್ಪದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಹಿಂದೆ ಮನೆ, ಮುಂದೆ ತಗಡಿನ ಶೆಡ್ಡು. ನಾನು ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಶೆಡ್ಡಿನೊಳಗೆ ಕಾಲಿಟ್ಟರೆ ಸಾಕು, "ಎಣ್ಣಿ ಹತ್ತತೈತಿ, ಒಳಗ ಹೋಗಿ ಓದ್ಕೋ ಹೋಗವಾ" ಎನ್ನುತ್ತಿದ್ದ. ಎರಡು ಸಲ ಹೇಳಿಸಿಕೊಂಡೆ. ಮೂರನೆಯ ಸಲ ಹೋಗಲಿಲ್ಲ, ನನಗೂ ಹಟ. ಓದಿದೆ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ, ಮದುವೆಯಾದೆ. ಗಂಡನಿಗೆ ಸತ್ತೂರಿನ ಕಡೆ ಒಂದು ಸರ್ಕಾರಿ ಆಫೀಸಿನಲ್ಲಿ ಕೆಲಸ. ಫೈಲಿಗೆ ದಾರ ಕಟ್ಟುವುದರ ಹೊರತು ಆ ಕೈಗಳಿಗೆ ಬೇರೇನೂ ಬರುವುದಿಲ್ಲ ಎಂದುಕೊಂಡಿದ್ದೆ.

ಮದುವೆಯಾದ ವರ್ಷ ಯುಗಾದಿ ಊಟಕ್ಕೆ ತವರಿಗೆ ಬಂದೆವು. ಹೋಳಿಗೆ ಮುಗಿಸಿ ಇವರು ಶೆಡ್ಡಿಗೆ ಹೋದರು. ಸಂಜೆ ಹೊರಬಂದಾಗ ಬಿಳಿ ಅಂಗಿಯ ತುಂಬ ಕರಿ ಎಣ್ಣೆ. ಎಣ್ಣೆ ಹತ್ತಿತೆಂದು ಅಪ್ಪ ಅವರನ್ನು ಒಳಗೆ ಕಳಿಸಲಿಲ್ಲ. ತನ್ನದೇ ಹಳೆಯ ಅಂಗಿ ತಂದು, "ಮುಂದಿನ ಸಲ ಇದನ್ನ ಹಾಕ್ಕೋರಿ ಅಳಿಯಂದ್ರ" ಎಂದ. ಅವತ್ತು ನನ್ನ ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ಇನ್ನೂ ಆರಿಲ್ಲ.

ನಮ್ಮ ಮನೆ ಎರಡು ಓಣಿ ಆಚೆಗಿದೆ. ರವಿವಾರ ಬಂತೆಂದರೆ ಇವರು ನಾಷ್ಟಾ ಮುಗಿಯುವ ಮೊದಲೇ ಶೆಡ್ಡಿನಲ್ಲಿ. ಬರಬರುತ್ತಾ ವಾರದ ನಡುವೆಯೂ ಆಫೀಸು ಬಿಟ್ಟವರು ನೇರ ಅಲ್ಲಿಗೇ ಇಳಿಯತೊಡಗಿದರು. ಅಪ್ಪ ನನಗೆ ಫೋನ್ ಮಾಡಿದರೂ "ಊಟ ಆತೇನವಾ" ಎಂದು ಒಂದು ಮಾತು ಕೇಳಿ, ಫೋನನ್ನು ಅಳಿಯಂದಿರ ಕೈಗೆ ಕೊಡು ಎನ್ನುತ್ತಾನೆ. ಕೊಡುತ್ತೇನೆ. ಕೊಡುವಾಗ ಸ್ವಲ್ಪ ಜೋರಾಗಿಯೇ ಕೊಡುತ್ತೇನೆ.

ಕಳೆದ ಮುಂಗಾರಿನಲ್ಲಿ ಸುಳ್ಳ ಎಂಬ ಊರಿನ ರೈತರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಮಾತು ಕಡಿಮೆ.

"ರಸ್ತಾದಾಗ ಛಲೋ ಓಡತೈತ್ರಿ ಮಿಸ್ತ್ರಿ. ಹೊಲದಾಗ ಕುಂಟಿ ಹಚ್ಚಿದ ಕೂಡ್ಲೇ ಕರಿ ಹೊಗಿ ಬಿಟ್ಟು ನಿಂತಬಿಡತೈತಿ. ಹೆಸರುಕಾಳು ಬಿತ್ತೋದೈತ್ರಿ, ಮಣ್ಣಿನ ಹದ ಹೋಗಾಕತ್ತೈತಿ."

ಅಪ್ಪ ಡೀಸೆಲ್ ಫಿಲ್ಟರ್ ಬದಲಿಸಿದ. ಡೀಸೆಲ್ ಪಂಪು ಬಿಚ್ಚಿ, ಪಂಪಿನ ಅಂಗಡಿಯಲ್ಲಿ ತೋರಿಸಿಕೊಂಡು ಬಂದ. ಶೆಡ್ಡಿನಲ್ಲಿ ನಿಲ್ಲಿಸಿ ಚಾಲೂ ಮಾಡಿದರೆ ಇಂಜಿನ್ನಿಗೆ ಯಾವ ರೋಗವೂ ಇಲ್ಲ. ಹೊಲಕ್ಕೆ ಒಯ್ದರೆ ಮತ್ತೆ ಅದೇ ಕಥೆ. ರೈತರು ಅದನ್ನು ತಿರುಗಿ ತಂದರು.

ಮಂಗಳವಾರ ಶಾಲೆ ಬಿಟ್ಟು ತವರಿಗೆ ಹೋದವಳು ಎಲ್ಲರಿಗೂ ಚಹಾ ಒಯ್ದೆ. ಇವರು ಟ್ರ್ಯಾಕ್ಟರಿನ ಮೇಲೆ ಕುಳಿತು ಆಕ್ಸಿಲರೇಟರ್ ಒತ್ತುತ್ತಿದ್ದರು. ಅಪ್ಪ ಮತ್ತು ರೈತರು ಕತ್ತೆತ್ತಿ ಸೈಲೆನ್ಸರಿನ ಹೊಗೆಯನ್ನೇ ನೋಡುತ್ತಿದ್ದರು. ಆ ಬದಿಗೆ ಜಾಗವಿಲ್ಲದೆ ನಾನು ಈ ಬದಿಗೆ ನಿಂತೆ. ನನ್ನ ಕಣ್ಣೆದುರಿಗೇ, ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಇತ್ತು. ಇಂಜಿನ್ ಜೋರಾದಂತೆ ಆ ಪೈಪಿನ ನಡು ಒಳಕ್ಕೆ ಸೇದಿಕೊಂಡಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಏನೂ ಆಗದ ಹಾಗೆ ಮತ್ತೆ ದುಂಡಗಾಯಿತು.

ಪ್ರತಿ ವರ್ಷ ಕ್ಲಾಸಿನಲ್ಲಿ ನಾನು ಮಾಡಿ ತೋರಿಸುವುದೇ ಇದು. ಎಣ್ಣೆಯ ಖಾಲಿ ಡಬ್ಬಿಯಲ್ಲಿ ಸ್ವಲ್ಪ ನೀರು ಕುದಿಸಿ, ಒಲೆಯಿಂದ ಇಳಿಸಿ ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದರೆ ಡಬ್ಬಿ ನುಜ್ಜುಗುಜ್ಜಾಗುತ್ತದೆ. ಒಳಗಿನ ಒತ್ತಡ ಇಳಿದಾಗ ಹೊರಗಿನ ಗಾಳಿ ಅದನ್ನು ಅಮುಕುತ್ತದೆ. ಇಲ್ಲಿಯೂ ಅಷ್ಟೇ. ಫಿಲ್ಟರಿನಲ್ಲಿ ಧೂಳು ಕಟ್ಟಿದೆ, ಇಂಜಿನ್ ಗಾಳಿಗಾಗಿ ಎಳೆಯುತ್ತಿದೆ, ಹಳತಾಗಿ ಮೆತ್ತಗಾದ ರಬ್ಬರು ಚಪ್ಪಟೆಯಾಗುತ್ತಿದೆ. ನಿಂತಲ್ಲಿ ಇಷ್ಟು ಕುಗ್ಗುವುದು ಎರೆಮಣ್ಣಿನ ಹೊಲದಲ್ಲಿ ಕುಂಟೆ ಎಳೆಯುವಾಗ ಪೂರ್ತಿ ಮುಚ್ಚಿಕೊಳ್ಳುತ್ತದೆ. ಉಸಿರು ಕಟ್ಟಿದ ಇಂಜಿನ್ ಕರಿ ಹೊಗೆ ಬಿಡದೆ ಇನ್ನೇನು ಮಾಡೀತು?

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, "ಏನ ಅನಸ್ತೈತ್ರಿ ಅಳಿಯಂದ್ರ?" ಎಂದ.

"ನಾಝಲ್ ಇರಬೇಕೇನೋ ಮಾವಾರ" ಎಂದರು ಇವರು.

ನಮ್ಮ ಮದುವೆಗೆ ಮೊದಲು ಡೀಸೆಲ್ ಚಿಮ್ಮಿಸುವ ಆ ನಾಝಲ್‌ನ ಹೆಸರನ್ನೇ ಕೇಳಿರದ ಮನುಷ್ಯ. ಅಪ್ಪ ದೊಡ್ಡ ಡಾಕ್ಟರ ಮಾತು ಕೇಳಿದವನ ಹಾಗೆ ತಲೆಯಾಡಿಸಿದ. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಹುಡುಕಲಿ ಮಾವ ಅಳಿಯ ಕೂಡಿಕೊಂಡು. ನನ್ನನ್ನು ಕೇಳಿದರೆ ಹೇಳುತ್ತೇನೆ, ಇಲ್ಲವಾದರೆ ಇಲ್ಲ.

ಬುಧವಾರ ಕೇಳಲಿಲ್ಲ. ಗುರುವಾರವೂ ಕೇಳಲಿಲ್ಲ. ಇವರು ಊಟಕ್ಕೆ ಕುಳಿತು, "ಎಲ್ಲಿ ತಪ್ಪಾಕತ್ತೈತೋ ಏನೋ" ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು. ನಾನು ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿದೆ. ಒಳಗೊಳಗೇ ಖುಷಿ ಆಗುತ್ತಿತ್ತು, ಸುಳ್ಳೇಕೆ ಹೇಳಲಿ? ಆ ರೈತರು ದಿನಾ ಬಂದು ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕುಳಿತಿರುತ್ತಿದ್ದರು. ಅವರಿಗೆ ಚಹಾ ಕೊಡುವಾಗ ಮಾತ್ರ ನಾನು ಮುಖ ನೋಡುತ್ತಿರಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಸೋತು ಕುಳಿತ. "ಇನ್ನ ಬ್ಯಾರೆ ದಾರಿ ಇಲ್ಲ. ನಾಳಿಂದ ಇಂಜಿನ್ ಬಿಚ್ಚೋಣು."

"ನಾ ಒಂದ ವಾರ ರಜಾ ಹಾಕ್ತೇನ್ರಿ ಮಾವಾರ" ಎಂದರು ಇವರು.

ನನಗೆ ಜ್ವರ ಬಂದಾಗ ಅರ್ಧ ದಿನದ ರಜೆ ಹಾಕದ ಪುಣ್ಯಾತ್ಮರು! ಒಂದು ವಾರ ಮಾವ ಅಳಿಯ ತಲೆಗೆ ತಲೆ ಕೊಟ್ಟು ಆ ಇಂಜಿನ್ ಬಿಚ್ಚುತ್ತಾ ಕೂಡುವುದು ಕಣ್ಣಿಗೆ ಕಟ್ಟಿತು. ನನ್ನ ಬಾಯಿ ಬಿಡಿಸಿದ್ದು ರೈತರ ಮೇಲಿನ ಕರುಣೆಯಲ್ಲ, ಆ ಚಿತ್ರ.

"ಅಪ್ಪಾ, ಇಂಜಿನ್ನಿಗೆ ಏನೂ ಆಗಿಲ್ಲ. ಗಾಳಿ ಎಳಿಯೋ ಪೈಪ್ ಚಪ್ಪಟಿ ಆಗಾಕತ್ತೈತಿ."

ಅಪ್ಪ ನನ್ನನ್ನು ನೋಡಿದ, ಪೈಪನ್ನು ನೋಡಿದ, ಆಮೇಲೆ ಇವರ ಕಡೆ ತಿರುಗಿದ. "ಏನಂತೀರಿ ಅಳಿಯಂದ್ರ?"

"ಅವರನ್ಯಾಕ ಕೇಳ್ತಿ? ಕೈ ಇಲ್ಲೆ ಕೊಡು" ಎಂದು ಅಪ್ಪನ ಮುಂಗೈ ಹಿಡಿದು ಎಳೆದೆ. ಪೈಪಿನ ಮೇಲೆ ಇಡಿಸಿದೆ. ಇವರಿಗೆ ಇಂಜಿನ್ ಜೋರು ಮಾಡಲು ಹೇಳಿದೆ. ಅಪ್ಪನ ಬೆರಳುಗಳ ಕೆಳಗೆ ರಬ್ಬರು ಒಳಕ್ಕೆ ಹೋಯಿತು. ಅವನು ಕೈ ತೆಗೆಯಲಿಲ್ಲ, ಇನ್ನೊಮ್ಮೆ ಜೋರು ಮಾಡಿಸಿದ, ಮತ್ತೊಮ್ಮೆ ಮಾಡಿಸಿದ. ಆಮೇಲೆ ಇಂಜಿನ್ ಬಂದ್ ಮಾಡಿಸಿ, ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಹಿಡಿ ಹಿಡಿ ಧೂಳು ಬಿತ್ತು.

"ಯಾವಾಗ ನೋಡಿದಿವಾ?"

"ಮಂಗಳವಾರ."

ಕಲ್ಲಿನ ಮೇಲಿದ್ದ ರೈತರು ತಲೆ ಎತ್ತಿದರು. ಮತ್ತೆ ತಗ್ಗಿಸಿದರು.

"ಮೂರ ದಿನ ಸುಮ್ಮನಿದ್ದಿ?"

"ನೀ ನನ್ನ ಕೇಳಲಿಲ್ಲ. ಎಂದೂ ಕೇಳಿಲ್ಲ."

ಅಪ್ಪ ಸಿಟ್ಟಾಗಲಿಲ್ಲ. "ಅಳಿಯಂದ್ರನ್ನೂ ನಾ ಕರದಿರಲಿಲ್ಲವಾ. ಅವರು ತಾವಾಗೇ ಬಂದ್ರು" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಒಳಗೆ ಹೋಗಿ ಓದಿಕೋ ಎಂದು ಅಳಿಯನಿಗೆ ಯಾರೂ ಹೇಳುವುದಿಲ್ಲ. ಕರೆಯದೆ ಬರುವುದು ಅವರಿಗೆ ಸುಲಭ. ಮಾತು ತುದಿ ನಾಲಿಗೆಗೆ ಬಂದಿತ್ತು. ಆದರೆ ತಲೆ ತಗ್ಗಿಸಿ ಕುಳಿತ ಆ ರೈತರ ಮುಂದೆ ಅದನ್ನು ಆಡುವ ಮುಖ ನನಗಿರಲಿಲ್ಲ. ಅಪ್ಪನ ಮೇಲಿನ ಸಿಟ್ಟಿಗೆ ಅವರ ಮೂರು ದಿನ ತಿಂದಿದ್ದೆ.

"ತಪ್ಪಾತ್ರಿ ಕಾಕಾ" ಎಂದೆ.

"ಇನ್ನೊಂದೆರಡ ದಿನ ಹದ ಇರತೈತವಾ" ಎಂದರು ಅವರು. "ಲಗೂ ಮಾಡ್ರಿ."

ಒಳಗೆ ತಂತಿ ಇರುವ ಹೊಸ ಪೈಪು ಸೋಮವಾರಕ್ಕೆ ಮೊದಲು ಸಿಗುವಂತಿರಲಿಲ್ಲ. ಅಪ್ಪ ಗಟ್ಟಿ ಉಕ್ಕಿನ ತಂತಿ ತೆಗೆದು, ಕಬ್ಬಿಣದ ಕೊಳವೆಗೆ ಸುತ್ತಿ ಸುತ್ತಿ ಹಳೆಯ ಪೈಪು ಕುಗ್ಗದಂತೆ ಅದರೊಳಗೆ ತೂರಿಸಲು ಅಷ್ಟೇ ಉದ್ದದ ಸ್ಪ್ರಿಂಗ್ ಮಾಡಿದ. ತುದಿಗಳನ್ನು ಅರದಿಂದ ತಿಕ್ಕಿ ನುಣುಪು ಮಾಡಿದ. ಫಿಲ್ಟರ್ ಹೊಸದು ಹಾಕಿದ. "ಸ್ಪ್ರಿಂಗ್ ಒಳಗ ಬಿಗಿಯಾಗಿ ಕೂಡಬೇಕು. ಸಡಿಲಾತಂದ್ರ ಇಂಜಿನ್ ಅದನ್ನೂ ಎಳಕೊಂಡು ನುಂಗತೈತಿ, ಆಮ್ಯಾಲ ಎಲ್ಲಾ ಮುಗೀತು. ಅದಕ್ಕ ಎರಡೂ ತುದಿ ಪೈಪ್ ಬಿಗಿಯೋ ಕ್ಲಿಪ್ಪಿನ ಕೆಳಗ ಸಿಕ್ಕಿರಬೇಕು" ಎಂದ. ಹೇಳುವಾಗ ಸ್ಪ್ರಿಂಗಿನ ಕಡೆಯೇ ನೋಡುತ್ತಿದ್ದ. ಯಾರಿಗೆ ಹೇಳಿದನೆಂದು ನನಗೂ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ.

ಪೈಪು ಕೂರಿಸಿ, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, "ಪಾನಾ ಕೊಡವಾ" ಎಂದ.

ಸ್ಪ್ಯಾನರುಗಳ ಡಬ್ಬಿಯ ಬಳಿ ಕುಕ್ಕರಗಾಲಲ್ಲಿ ಕುಳಿತೆ. ಇಪ್ಪತ್ತು ಪಾನಾಗಳಿದ್ದವು, ಎಲ್ಲವೂ ಒಂದೇ ಥರ ಕಂಡವು. ಒಂದು ಕೊಟ್ಟೆ.

"ಅದಲ್ಲ."

ಇನ್ನೊಂದು ಕೊಟ್ಟೆ.

"ಅದೂ ಅಲ್ಲ."

ಒಳ್ಳೆಯ ಮನುಷ್ಯರು ನನ್ನ ಗಂಡ. ಪಕ್ಕಕ್ಕೆ ಬಗ್ಗಿ, ಬೇಕಾದ ಪಾನಾದ ಕಡೆ ಬೆರಳು ಚಾಚಿದರು.

"ನೀವ ತೋರಸಬ್ಯಾಡ್ರಿ ಅಳಿಯಂದ್ರ" ಎಂದ ಅಪ್ಪ, ತಿರುಗಿ ನೋಡದೆಯೇ. "ಅಕಿನೇ ಹುಡುಕಲಿ. ನಾ ಹಿಡಕೊಂಡ ನಿಂತಿರತೇನಿ."

ಇವರು ಬೆರಳು ಹಿಂದಕ್ಕೆ ತೆಗೆದುಕೊಂಡರು. ನಾನು ತಲೆ ಎತ್ತಿ ಅವರ ಮುಖ ನೋಡಿದೆ. ಎರಡು ವರ್ಷ ಕನ್ನಡಿಯಲ್ಲಿ ನಾನು ನೋಡಿದ್ದ ಹೊಟ್ಟೆಕಿಚ್ಚು ಅಲ್ಲಿತ್ತು. ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ನಿಧಾನವಾಗಿ, ಬೇಕಂತಲೇ ನಿಧಾನವಾಗಿ, ಮೂರನೆಯ ಪಾನಾ ಹುಡುಕತೊಡಗಿದೆ.